ಕಿತ್ತಳೆನಾ, ಕಲ್ಲಂಗಡಿನಾ? ಚೀನಾದ ಡೀಸೆಲ್ ಇಂಜಿನ್ ಮಾಡೆಲ್ ಒಂದನ್ನ ಪರೀಕ್ಷೆಗೆ ಕೂರಿಸಿದಾಗ

ಗೆಳೆಯನೊಬ್ಬ ಶೆನ್‌ಝೆನ್‌ನಿಂದ ಬರ್ತಾ ಒಂದು ಸೆಕೆಂಡ್ ಹ್ಯಾಂಡ್ ಡಬ್ಬ ತಂದುಕೊಟ್ಟ. ಒಳಗೆ ಕಿತ್ತಳೆ ಬಣ್ಣದ ಡಿಎಫ್4ಬಿ ಪ್ಯಾಸೆಂಜರ್ ಇಂಜಿನ್, ಎಚ್‌ಒ ಸ್ಕೇಲು, ಅಂದ್ರೆ ಅಸಲಿದನ್ನ 87 ಪಟ್ಟು ಚಿಕ್ಕದು ಮಾಡಿದ್ದು. "ಚೆನ್ನಾಗಿದ್ಯಾ ನೋಡಿ ಹೇಳು" ಅಂದ. ಅಳತೆ ಪಟ್ಟಿ ಹಿಡಿದು ಹೇಳೋದಾದ್ರೆ ಐದು ನಿಮಿಷದ ಕೆಲಸ. ಅಸಲಿ ಇಂಜಿನ್ ಒಂದು ತುದಿಯ ಕಪ್ಲರ್‌ನಿಂದ (ಬೋಗಿ ಜೋಡಿಸೋ ಕೊಂಡಿ) ಇನ್ನೊಂದು ತುದಿಯ ಕಪ್ಲರ್‌ಗೆ 21.1 ಮೀಟರ್, ಹಾಗಾಗಿ ಮಾಡೆಲ್ 242.5 ಮಿಲಿಮೀಟರ್ ಇರಬೇಕು, ಇದು 243ಕ್ಕೆ ನಿಂತಿತು. ಚಕ್ರ 1050 ಮಿಲಿಮೀಟರ್, ಮಾಡೆಲ್‌ನಲ್ಲಿ 12 ಚಿಲ್ಲರೆ, ಅದೂ ಸರಿಯೇ. ಹಳಿಯಂತೂ ಪಕ್ಕಾ, ಯಾಕಂದ್ರೆ ಚೀನಾದ್ದು 1435 ಮಿಲಿಮೀಟರ್ ಗೇಜು (ಎರಡು ಹಳಿ ನಡುವಿನ ಅಂತರ), 87ರಿಂದ ಭಾಗಿಸಿದ್ರೆ ಎಚ್‌ಒ ಹಳಿಯ 16.5 ಬರುತ್ತೆ. ನಮ್ಮ ರೈಲ್ವೆ ಇಂಜಿನ್‌ಗಳನ್ನ ಇದೇ ಸ್ಕೇಲಲ್ಲಿ ಮಾಡೋರಿಗೆ ಈ ಭಾಗ್ಯ ಇಲ್ಲ, 1676ರ ಬ್ರಾಡ್‌ಗೇಜ್ ಲೆಕ್ಕಕ್ಕೆ 19.3 ಮಿಲಿಮೀಟರ್ ಹಳಿ ಬೇಕು, ಅದನ್ನ 16.5ರ ಮೇಲೆ ನಿಲ್ಲಿಸಿದ್ರೆ ಪೈಲ್ವಾನನಿಗೆ ಮಗು ಚಪ್ಪಲಿ ಹಾಕಿದ ಹಾಗೆ ಕಾಣುತ್ತೆ. (ನಮ್ಮ ಮೆಟ್ರೋ ಮಾಡೆಲ್ ಮಾಡೋರಿದ್ರೆ ಚಿಂತೆ ಇಲ್ಲ, ಅದೂ 1435.)

ಆದ್ರೆ ಅಳತೆ ಸರಿ ಇದ್ದ ಮಾತ್ರಕ್ಕೆ ಇದು ಪ್ಯಾಸೆಂಜರ್ ಇಂಜಿನ್ನೇ ಅಂತ ಹೇಳೋದು ಹೇಗೆ? ಇಲ್ಲೇ ಕಥೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡಿಎಫ್ ಅಂದ್ರೆ ದೋಂಗ್‌ಫೆಂಗ್, ಪೂರ್ವದ ಗಾಳಿ. ಈ ಸರಣಿಯ ನಾಲ್ಕನೇ ಮಾದರಿಯ ಮೊದಲ ಇಂಜಿನ್ ದಾಲಿಯನ್ ಕಾರ್ಖಾನೆಯಿಂದ ಹೊರಗೆ ಬಂದಿದ್ದು 1969ರಲ್ಲಿ. ಅದನ್ನ ತಿದ್ದಿ ತೀಡಿ 1984ರಲ್ಲಿ ಬಿ ಅಂತ ಮಾಡಿದ್ರು, 16 ಸಿಲಿಂಡರ್, 3300 ಹಾರ್ಸ್‌ಪವರ್, ಆಮೇಲೆ ಸಾವಿರಗಟ್ಟಲೆ ತಯಾರಾಯ್ತು. ಆಗಿನ ಚೀನಾದಲ್ಲಿ ಉಗಿಬಂಡಿ ಇನ್ನೂ ಮುಗಿದಿರಲಿಲ್ಲ ಅನ್ನೋದು ನೆನಪಿರಲಿ, ದಾತೊಂಗ್ ಕಾರ್ಖಾನೆ ದೊಡ್ಡ ಉಗಿಬಂಡಿ ಮಾಡೋದನ್ನ 1988ರ ಕೊನೆಗೆ ನಿಲ್ಲಿಸ್ತು, ಆಮೇಲೆ ಅಲ್ಲೂ ಡಿಎಫ್4ಬಿ ಮಾಡಿದ್ರು.

ಈಗ ಮುಖ್ಯ ವಿಷಯ. ಈ ಇಂಜಿನ್ನಿಗೆ ಎರಡು ಅವತಾರ, ಪ್ಯಾಸೆಂಜರ್‌ದು ಗಂಟೆಗೆ 120 ಕಿಲೋಮೀಟರ್, ಗೂಡ್ಸ್‌ದು 100. ಡೀಸೆಲ್ ಇಂಜಿನ್ ಒಂದೇ, ಬಾಡಿ ಒಂದೇ, ಅಡಿಯ ಚಕ್ರದ ಚೌಕಟ್ಟೂ ಹೆಚ್ಚುಕಮ್ಮಿ ಒಂದೇ, ವ್ಯತ್ಯಾಸ ಕೂತಿರೋದು ಚಕ್ರ ತಿರುಗಿಸೋ ಕರೆಂಟ್ ಮೋಟಾರಿಗೂ ಆ್ಯಕ್ಸಲ್‌ಗೂ ನಡುವಿನ ಗೇರಿನಲ್ಲಿ. ಗೂಡ್ಸ್‌ನಲ್ಲಿ 14 ಹಲ್ಲಿನ ಚಿಕ್ಕ ಗೇರು 63 ಹಲ್ಲಿನ ದೊಡ್ಡದನ್ನ ತಿರುಗಿಸುತ್ತೆ, ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಮೋಟಾರು ನಾಲ್ಕೂವರೆ ಸುತ್ತಬೇಕು, ಎಳೆಯೋ ಬಲ ಜಾಸ್ತಿ ಓಟ ಕಮ್ಮಿ. ಪ್ಯಾಸೆಂಜರ್‌ನಲ್ಲಿ 21ಕ್ಕೆ 71, ಸುಮಾರು 3.4 ಸುತ್ತು, ಎಳೆತ ಕಮ್ಮಿ ಓಟ ಜಾಸ್ತಿ. ಗೇರ್ ಕೇಸ್ ಒಳಗಿರೋ ಹಲ್ಲು ಹೊರಗಿನವನಿಗೆ ಕಾಣಲ್ವಲ್ಲ, ಅದಕ್ಕೆ ಪ್ಯಾಸೆಂಜರ್‌ಗೆ ಕಿತ್ತಳೆ ಬಣ್ಣ, ಗೂಡ್ಸ್‌ಗೆ ಹಸಿರು. ಅಲ್ಲಿನ ರೈಲು ಹುಚ್ಚರು ಇಟ್ಟ ಹೆಸರೂ ಹಾಗೇ, ಒಂದು ಕಿತ್ತಳೆಹಣ್ಣು, ಇನ್ನೊಂದು ಕಲ್ಲಂಗಡಿ. ಕಲ್ಲಂಗಡಿಗಳೂ ಪ್ಯಾಸೆಂಜರ್ ಎಳೆದಿದ್ದುಂಟು, ಅದು ಬೇರೆ.

ಮಾಡೆಲ್‌ಗೆ ಬಂದ್ರೆ ಇದು ತಲೆಕೆಳಗು. ಕಿತ್ತಳೆ ಆಗ್ಲಿ ಹಸಿರು ಆಗ್ಲಿ ಒಳಗಿರೋದು ಒಂದೇ ಮೋಟಾರು ಒಂದೇ ಗೇರು, ಪ್ಯಾಸೆಂಜರ್ ಅಂತ ಹೇಳೋ ಕೆಲಸ ಪೂರ್ತಿ ಬಣ್ಣದ್ದೇ. ಹಾಗಾಗಿ ನಾನಂತೂ ಇಂಥ ಮಾಡೆಲ್‌ನಲ್ಲಿ ಬಣ್ಣಕ್ಕೂ ಅಕ್ಷರಕ್ಕೂ ಅರ್ಧಕ್ಕರ್ಧ ಮಾರ್ಕ್ಸ್ ಇಟ್ಕೋತೀನಿ, ಕೈಹಿಡಿ ಕಂಬಿ ತೆಳ್ಳಗಿದ್ಯಾ, ವೈಪರ್ ಬೇರೆ ತುಂಡಾ ಅನ್ನೋದೆಲ್ಲ ಆಮೇಲೆ. ಟ್ಯೂಬ್‌ಲೈಟ್ ಕೆಳಗೆ ಈ ಕಿತ್ತಳೆ ಟೊಮೇಟೊ ಕೆಂಪಿಗೆ ತಿರುಗ್ತಿತ್ತು, ಬಾಲ್ಕನಿ ಬಿಸಿಲಿಗೆ ಹಿಡಿದಾಗ ಸರಿಯಾಯ್ತು, ಆದ್ದರಿಂದ ಫೋಟೋ ನೋಡಿ ಬಣ್ಣ ತಪ್ಪು ಅಂತ ಬಯ್ಯೋರು ಒಂದ್ಸಲ ಬಿಸಿಲಿಗೆ ತರಲಿ.

ನಂಬರೂ ಅಷ್ಟೇ ಮುಖ್ಯ. ಮಾವೋ ಝೆಡೊಂಗ್ ಹೆಸರಿನ ಇಂಜಿನ್ ಒಂದಿದೆ, ಮೊದಲು 1946ರಲ್ಲಿ ಉಗಿಬಂಡಿ, ಆಮೇಲೆ ಕಾಲಕಾಲಕ್ಕೆ ಇಂಜಿನ್ ಬದಲಾದ್ರೂ ಹೆಸರು ಮಾತ್ರ ಮುಂದುವರೀತಾ ಬಂತು. ಅದು ಡಿಎಫ್4ಬಿ ಆಗಿದ್ದು 1991ರಿಂದ 2000ದವರೆಗೆ, ನಂಬರ್ 1893, ಮಾವೋ ಹುಟ್ಟಿದ ವರ್ಷ. ಆದ್ರೆ ಆ ದಿನಗಳಲ್ಲಿ ಅದು ಬೀಜಿಂಗ್‌ನ ಫೆಂಗ್‌ತಾಯ್ ಡಿಪೋದಲ್ಲಿ ಗೂಡ್ಸ್ ಎಳೀತಿದ್ದ ಇಂಜಿನ್, ಅದರ ಹಿಂದೆ ಪ್ಯಾಸೆಂಜರ್ ಬೋಗಿ ಕಟ್ಟಿ ಓಡಿಸಿದ್ರೆ ತಿಳಿದೋರು ನಗ್ತಾರೆ. ಕ್ಯಾಬ್ ಕೆಳಗಿನ ಪುಟಾಣಿ ಚೀನೀ ಅಕ್ಷರದಲ್ಲಿ ಯಾವ ವಲಯ, ಯಾವ ಡಿಪೋ ಅಂತ ಬರೆದಿರುತ್ತೆ, ಭೂತಗನ್ನಡಿ ಇಟ್ಟು ನೋಡಿದೆ, ನನ್ನದರಲ್ಲಿ ಅಕ್ಷರದ ಗೆರೆ ಗೆರೆಯೂ ಬಿಡಿಬಿಡಿಯಾಗಿ ನಿಂತಿದೆ.

ಒಂದು ಮಜಾ ಏನಂದ್ರೆ ಪ್ರಪಂಚದ ಅರ್ಧ ಮಾಡೆಲ್ ರೈಲು ತಯಾರಾಗ್ತಿದ್ದ ಜಾಗದಲ್ಲೇ ಆ ದೇಶದ ಇಂಜಿನ್ನಿಗೆ ಮಾಡೆಲ್ ಭಾಗ್ಯ ಬಂದಿದ್ದು ತಡವಾಗಿ. ಹಾಂಗ್‌ಕಾಂಗ್‌ನ ಕೇಡರ್ ಕಂಪನಿ ಅಮೆರಿಕದ ಮಾಡೆಲ್ ರೈಲು ಕಂಪನಿ ಬಾಕ್‌ಮನ್‌ನ 1987ರಲ್ಲೇ ಕೊಂಡ್ಕೊಂಡ್ತು, ಬ್ರಿಟನ್ನಿನ ಹಾರ್ನ್‌ಬಿಯೂ 90ರ ದಶಕದಲ್ಲಿ ತಯಾರಿಕೆಯನ್ನ ದಕ್ಷಿಣ ಚೀನಾದ ಗುವಾಂಗ್‌ಡಾಂಗ್‌ಗೆ ಸಾಗಿಸ್ತು, ಅಲ್ಲಿನ ಕೆಲಸಗಾರರು ಕಂಡೇ ಇರದ ಊರುಗಳ ಇಂಜಿನ್‌ಗೆ ಬಣ್ಣ ಬಳೀತಿದ್ರು. ಚೀನೀ ಇಂಜಿನ್‌ಗಳ ಒಳ್ಳೆ ಮಾಡೆಲ್ ಅಲ್ಲಿನ ಗಿರಾಕಿಗೇ ಅಂತ ಸಾಲಾಗಿ ಬರೋಕೆ ಶುರುವಾಗಿದ್ದು 2000ದ ಆಚೆಗೆ. ಅಷ್ಟೊತ್ತಿಗೆ ಅಸಲಿ ಕಿತ್ತಳೆಯ ಕಾಲ ಮುಗೀತಾ ಬಂದಿತ್ತು. 1992ರಲ್ಲಿ ಚಿಶುಯಾನ್ ಕಾರ್ಖಾನೆಯಿಂದ ಗಂಟೆಗೆ 170 ಕಿಲೋಮೀಟರ್ ಓಡೋ ಡಿಎಫ್11 ಬಂತು, 1994ರ ಡಿಸೆಂಬರ್‌ನಲ್ಲಿ ಗುವಾಂಗ್‌ಝೌ–ಶೆನ್‌ಝೆನ್ ಮಧ್ಯೆ 160ರಲ್ಲಿ ರೈಲು ಓಡಿತು, 1997ರ ಏಪ್ರಿಲ್ 1ಕ್ಕೆ ಇಡೀ ದೇಶದಲ್ಲಿ ಸ್ಪೀಡ್ ಏರಿಸೋ ಸರಣಿ ಶುರು, 2007ರ ಆರನೇ ಸುತ್ತಿಗೆ ಬಿಳಿ ಬುಲೆಟ್ ಸೆಟ್ಟುಗಳೇ ಬಂದ್ವು. ಆಗಿನ ಹಸಿರು ಪ್ಯಾಸೆಂಜರ್ ಬೋಗಿಯ ಕಿಟಕಿ ಎತ್ತಿ ತಲೆ ಹೊರಗೆ ಹಾಕಿ ಊರಿಗೆ ಹೋದೋರು ಈಗ ಸಂಬಳ ಎಣಿಸಿ ಈ ಮಾಡೆಲ್ ಕೊಳ್ತಾರೆ, ಅವರಿಗೆ ಕಿತ್ತಳೆ ಒಂಚೂರು ಆಚೀಚೆ ಆದ್ರೂ ಯಾಕೆ ಸಿಟ್ಟು ಬರುತ್ತೆ ಅಂತ ಈಗ ಗೊತ್ತಾಯ್ತಲ್ಲ.

ಓಡಿಸಿ ನೋಡಿದ್ದನ್ನ ಹೇಳಲೇ ಇಲ್ಲ. ನಾಬ್ ತಿರುಗಿಸಿದ್ರೆ ಇರುವೆ ಥರ ನಿಧಾನಕ್ಕೆ ಹೊರಡ್ತು, ಖುಷಿಯಾಯ್ತು, ಆದ್ರೆ ಚಕ್ರದ ಪ್ರತಿ ಸುತ್ತಿಗೂ ಒಂದು ಟಕ್ ಅನ್ನೋ ಸದ್ದು. ಇದು ಹಳೇ ಮಾಡೆಲ್‌ಗಳ ಹಳೇ ಕಾಯಿಲೆ, ಲೋಹದ ಆ್ಯಕ್ಸಲ್ ಮೇಲೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ಗೇರು ವರ್ಷಗಟ್ಟಲೆ ಎಳೆತ ತಿಂದು ಕೂದಲೆಳೆಯಷ್ಟು ಸೀಳುತ್ತೆ, ಆ ಜಾಗದಲ್ಲಿ ಎರಡು ಹಲ್ಲಿನ ಮಧ್ಯೆ ಅಂತರ ಜಾಸ್ತಿಯಾಗಿ ಪ್ರತಿ ಸುತ್ತಿಗೂ ಎಡವುತ್ತೆ. ಇಂಜಿನ್ ಅಡಿಯ ಚಕ್ರದ ಚೌಕಟ್ಟು ಬಿಚ್ಚಿದೆ, ಮೂರು ಆ್ಯಕ್ಸಲ್‌ನಲ್ಲಿ ನಡುವಿನದು ಸೀಳಿತ್ತು. ಗೆಳೆಯನಿಗೆ ಮೆಸೇಜ್ ಹಾಕಿದೀನಿ, ಬಣ್ಣ ಫಸ್ಟ್ ಕ್ಲಾಸ್, ಮುಂದಿನ ಸಲ ಬರುವಾಗ ಒಂದು ಗೇರು, ಆಗೋದಾದ್ರೆ ಎರಡು ಹಸಿರು ಬೋಗಿ.