ಡಾಗ್ ಡೇಕೇರ್ ಟಿಪ್ಪಣಿ: ಬ್ಲೀಚ್ ಹಾಕುವ ಮೊದಲು ತೊಳೆಯಬೇಕು, ಯಾಕೆ?

ಬೆಂಗಳೂರಿನ ಒಂದು ಡಾಗ್ ಡೇಕೇರ್‌ನಲ್ಲಿ ಎರಡು ತಿಂಗಳಿಂದ ಕೆಲಸ ಕಲಿಯುತ್ತಿದ್ದೇನೆ. ಮುಂದೆ ಸ್ವಂತದ್ದು ಶುರು ಮಾಡಬೇಕು ಅಂತ ಆಸೆ. ಕಲಿತದ್ದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಲಸಿಕೆ ಪುಸ್ತಕ ನೋಡದೆ ನಾಯಿಯನ್ನು ಒಳಗೆ ಬಿಡಬಾರದು, ಅದು ಗೊತ್ತಿರುವ ವಿಷಯ. ರೇಬೀಸ್, ಡಿಸ್ಟೆಂಪರ್, ಪಾರ್ವೊ (ನಾಯಿಗಳಿಗೆ ವಾಂತಿ-ಭೇದಿ ತರುವ ವೈರಸ್), ಲೆಪ್ಟೊ (ಇಲಿ ಜ್ವರ), ಕೆನಲ್ ಕಾಫ್ (ನಾಯಿಗಳ ಅಂಟು ಕೆಮ್ಮು) ಎಲ್ಲದರ ಲಸಿಕೆ ಆಗಿರಬೇಕು. ಆದರೆ ನಿನ್ನೆ ಹಾಕಿಸಿದ ಲಸಿಕೆ ಇವತ್ತೇ ಕೆಲಸ ಮಾಡುವುದಿಲ್ಲ. ಮರಿಗಳಿಗಂತೂ ತಾಯಿಯಿಂದ ಬಂದ ರಕ್ಷಣೆಯೇ ಮೊದಲ ಡೋಸ್‌ಗಳಿಗೆ ಅಡ್ಡ ಬರಬಹುದು, ಅದಕ್ಕೇ 16 ವಾರದವರೆಗೂ ಬೂಸ್ಟರ್ ಕೊಡುತ್ತಾರೆ. ಕೊನೆಯ ಡೋಸ್ ಆಗಿ ಎರಡು ವಾರ ಕಳೆಯಲಿ, ಆಮೇಲೆ ಸೇರಿಸಿಕೊಳ್ಳಿ.

ನಾನು ಎಡವಿದ ಜಾಗ: ನೆಲ

ಫಿನಾಯಿಲ್ ವಾಸನೆ ಬಂದರೆ ನೆಲ ಶುದ್ಧ ಅಂದುಕೊಂಡಿದ್ದೆ. ಪಾರ್ವೊಗೆ ಅದು ಸಾಲದು. ಈ ವೈರಸ್ಸಿನ ಮೇಲೆ ಕೊಬ್ಬಿನ ಪೊರೆ ಇಲ್ಲ. ಸೋಪು, ಸ್ಯಾನಿಟೈಸರ್ ಕೊರೊನಾ ವೈರಸ್ಸನ್ನು ಕೊಲ್ಲುತ್ತಿದ್ದದ್ದು ಆ ಪೊರೆಯನ್ನು ಒಡೆದು, ಅಲ್ವಾ? ಇಲ್ಲಿ ಒಡೆಯಲು ಪೊರೆಯೇ ಇಲ್ಲ. ಹಾಗಾಗಿ ಪಾರ್ವೊ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಬ್ಲೀಚ್ ಅದನ್ನು ಕೊಲ್ಲುತ್ತದೆ. ಅಳತೆ, 1 ಪಾಲು ಬ್ಲೀಚ್‌ಗೆ 30 ಪಾಲು ನೀರು. ನಾನು ಬಕೆಟ್‌ಗೆ ಒಂದು ಮುಚ್ಚಳ ಹಾಕುತ್ತಿದ್ದೆ. 15 ಲೀಟರ್ ನೀರಿಗೆ ಅರ್ಧ ಲೀಟರ್ ಬೇಕು! ಇದು ಸುಮಾರು 5% ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರವ ಬ್ಲೀಚ್‌ನ ಲೆಕ್ಕ, ಬ್ಲೀಚಿಂಗ್ ಪೌಡರ್‌ದಲ್ಲ. ಬಾಟಲಿಯ ಮೇಲಿನ ಅಂಕಿ ನೋಡಿಕೊಳ್ಳಿ.

ಅಳತೆ ಸರಿಯಾದರೂ ಸಾಲದು. ನಾನು ಮಲದ ಕಲೆ ಇದ್ದ ಕಡೆ ನೇರವಾಗಿ ಬ್ಲೀಚ್ ಸುರಿದು ಉಜ್ಜುತ್ತಿದ್ದೆ. ಮಲ, ಜೊಲ್ಲು, ಕೂದಲು ಇದ್ದರೆ ಬ್ಲೀಚ್ ತನ್ನ ಶಕ್ತಿಯನ್ನೆಲ್ಲ ಅವುಗಳ ಮೇಲೇ ಖರ್ಚು ಮಾಡುತ್ತದೆ, ವೈರಸ್ ಹತ್ತಿರ ಹೋಗುವಷ್ಟರಲ್ಲಿ ಅದರಲ್ಲಿ ಏನೂ ಉಳಿದಿರುವುದಿಲ್ಲ. ಮೂತ್ರದ ಮೇಲೆ ಸುರಿದರೆ ಕಣ್ಣು, ಗಂಟಲು ಉರಿಸುವ ಅನಿಲ ಬೇರೆ ಏಳುತ್ತದೆ. ಆದ್ದರಿಂದ ಮೊದಲು ಬಳಿದು ತೆಗೆಯಿರಿ, ಸೋಪು ನೀರಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ನೀರು ಎಳೆಯಿರಿ. ಆಮೇಲೆ ಬ್ಲೀಚ್. ಆಮೇಲೆ 10 ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು. ಫ್ಯಾನ್ ಹಾಕಿದರೆ ಮೂರೇ ನಿಮಿಷಕ್ಕೆ ಒಣಗುತ್ತದೆ, ಹಾಗಾಗಿ ನಾನೀಗ ಫ್ಯಾನ್ ಆಫ್ ಮಾಡಿ, ಕಿಟಕಿ ತೆಗೆದು, ಮೊಬೈಲ್‌ನಲ್ಲಿ ಟೈಮರ್ ಇಡುತ್ತೇನೆ. ಕೊನೆಗೆ ಮತ್ತೆ ನೀರು ಹಾಕಿ ತೊಳೆದು, ನೆಲ ಪೂರ್ತಿ ಒಣಗಿದ ಮೇಲೇ ನಾಯಿಗಳನ್ನು ಬಿಡುವುದು. ಬೆರೆಸಿದ ಬ್ಲೀಚ್ ನಾಳೆಗೆ ಬೇಡ, ಶಕ್ತಿ ಇಳಿದಿರುತ್ತದೆ. ಆ್ಯಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷದ ಅನಿಲ ಬರುತ್ತದೆ.

ಹುಲ್ಲು, ಮಣ್ಣಿನ ಮೇಲೆ ಇದ್ಯಾವುದೂ ನಡೆಯುವುದಿಲ್ಲ. ಜಾಗ ನೋಡುವಾಗ ಹುಲ್ಲುಹಾಸು ನೋಡಿ ಖುಷಿಪಡುವ ಮೊದಲು ಇದನ್ನು ಯೋಚಿಸಿ.

ಆಟವೋ ಜಗಳವೋ

ಕಳೆದ ವಾರ ಒಂದು ಲ್ಯಾಬ್ರಡಾರ್ (ಲ್ಯಾಬ್), ಬೀಗಲ್ ತಳಿಯ ಇನ್ನೊಂದು ನಾಯಿಯನ್ನು ಬೆನ್ನಟ್ಟುತ್ತಿತ್ತು. ಎರಡರ ಬಾಲವೂ ಅಲ್ಲಾಡುತ್ತಿತ್ತು, ನನಗೆ ಆಟ ಅನಿಸಿತು. ಕಲಿಸುವ ಅಕ್ಕ ಲ್ಯಾಬ್‌ನ ಬೆಲ್ಟ್ ಹಿಡಿದು ಸುಮ್ನೆ ನಿಂತರು. "ಈಗ ಬೀಗಲ್ ಏನ್ ಮಾಡುತ್ತೆ ನೋಡು" ಅಂದರು. ಅದು ಬೆಂಚಿನ ಕೆಳಗೆ ನುಗ್ಗಿ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡಿತು. ಆಟ ಆಗಿದ್ದರೆ ತಾನೇ ವಾಪಸ್ ಬಂದು, ಮುಂಗಾಲು ಬಗ್ಗಿಸಿ ಕರೆಯುತ್ತಿತ್ತು. ಅನುಮಾನ ಬಂದಾಗಲೆಲ್ಲ ನಾನೀಗ ಇದನ್ನೇ ಮಾಡುತ್ತೇನೆ. ಮೈ ಸೆಟೆದು ಗಕ್ಕನೆ ನಿಂತ ನಾಯಿ ನನಗೆ ಗುರ್ ಅನ್ನುವ ನಾಯಿಗಿಂತ ಜಾಸ್ತಿ ಭಯ.

ದುಡ್ಡು

ಉದಾಹರಣೆಗೆ ಬಾಡಿಗೆ, ಸಂಬಳ ಸೇರಿ ತಿಂಗಳಿಗೆ 1,20,000 ರೂ. ಖರ್ಚು, ದಿನಕ್ಕೆ ಒಂದು ನಾಯಿಗೆ 600 ರೂ. ಶುಲ್ಕ ಅಂದುಕೊಳ್ಳಿ. 200 ಹಾಜರಿ ಬೇಕು. 26 ದಿನಕ್ಕೆ ಹಂಚಿದರೆ ದಿನಕ್ಕೆ 8 ನಾಯಿ, ಅಲ್ಲಿಗೆ ಬರೀ ಖರ್ಚು ಗಿಟ್ಟುತ್ತದೆ. ಲಾಭಕ್ಕೆ ಸಂಖ್ಯೆ ಏರಿಸಬೇಕು ಅನಿಸುತ್ತದೆ, ಆದರೆ ಒಬ್ಬರ ಕಣ್ಣಿಗೆ 10 ನಾಯಿ ದಾಟಿದರೆ ಆ ಬೀಗಲ್ ಕಣ್ಣಿಗೇ ಬೀಳುತ್ತಿರಲಿಲ್ಲ. 11ನೇ ನಾಯಿ ಬರುವ ಮೊದಲು ಇನ್ನೊಬ್ಬ ಕೆಲಸದವರು ಬಂದಿರಬೇಕು.