ಹುಲ್ಲೂ ಹೂಳುತ್ತೆ, ಅಳಿಲೂ ಹೂಳುತ್ತೆ

ಕಾಡು ಓಟ್ಸ್ ಹುಲ್ಲಿನ ಒಣ ಕಾಳೊಂದನ್ನು ಅಂಗೈಯಲ್ಲಿಟ್ಟುಕೊಳ್ಳಿ. ಅದರ ಬೆನ್ನಿಂದ ಹೊರಟ ಉದ್ದ ಮೀಸೆಯ ಮೇಲೆ ಒಂದು ಹನಿ ನೀರು ಬಿಡಿ. ಸ್ವಲ್ಪ ಹೊತ್ತಿಗೆ ಮೀಸೆ ಮೆಲ್ಲಗೆ ತಿರುಗತೊಡಗುತ್ತದೆ. ಹುಳವೇನೋ ಅನಿಸಬೇಕು, ಹಾಗಿರುತ್ತದೆ. ಆದರೆ ಆ ಮೀಸೆಯಲ್ಲಿ ಜೀವವೇ ಇಲ್ಲ, ಸತ್ತು ಒಣಗಿದ ನಾರು ಅಷ್ಟೇ.

ಮೀಸೆಯ ಬುಡ ಹಗ್ಗದ ಹಾಗೆ ಹುರಿಗೊಂಡಿರುತ್ತದೆ, ಮೇಲಿನ ಭಾಗ ಮೊಣಕಾಲಿನಂತೆ ಬಾಗಿರುತ್ತದೆ. ಜೀವಕೋಶದ ಗೋಡೆಗಳಲ್ಲಿ ಸೆಲ್ಯುಲೋಸ್ ಎಳೆಗಳು ಸುರುಳಿಯಾಗಿ ಕೂತಿವೆ. ಇಬ್ಬನಿ ತಾಗಿದರೆ ಗೋಡೆ ಉಬ್ಬಿ ಹುರಿ ಬಿಚ್ಚುತ್ತದೆ, ಬಿಸಿಲಿಗೆ ಮತ್ತೆ ಸುತ್ತಿಕೊಳ್ಳುತ್ತದೆ. ಬಾಗಿದ ತುದಿ ಕಡ್ಡಿಗೋ ಹೆಂಟೆಗೋ ಸಿಕ್ಕಿಕೊಂಡರೆ ಸಾಕು, ಆಗ ಮೀಸೆಯ ಬದಲು ಕಾಳೇ ತಿರುಗಿ ಮಣ್ಣಿನ ಬಿರುಕಿಗೆ ಇಳಿಯುತ್ತದೆ. ಕಾಳಿನ ಬುಡದ ಬಿರುಸು ರೋಮಗಳೆಲ್ಲ ಮೇಲ್ಮುಖ. ಒಳಗೆ ಹೋಗುವುದು ಸುಲಭ, ವಾಪಸ್ ಬರುವುದು ಕಷ್ಟ.

ಉತ್ತರ ಅಮೆರಿಕದ ಪೂರ್ವ ಭಾಗದ ಬೂದು ಅಳಿಲೂ ಬೀಜ ಹೂಳುವುದರಲ್ಲಿ ಪಳಗಿದ್ದೇ. ಚಳಿಗಾಲದ ಊಟಕ್ಕೆಂದು ಒಂದೊಂದು ಗುಂಡಿಗೆ ಒಂದೊಂದೇ ಓಕ್ ಬೀಜ ಇಟ್ಟು, ಮಣ್ಣು ತಟ್ಟಿ, ಮೇಲೆ ಎಲೆ ಎಳೆಯುತ್ತದೆ. ಬೇರೆ ಅಳಿಲು ನೋಡುತ್ತಿದ್ದರೆ ಸುಮ್ನೆ ಖಾಲಿ ಗುಂಡಿ ಮುಚ್ಚುವ ನಾಟಕವನ್ನೂ ಆಡುತ್ತದೆ!

ಆದರೆ ಹುಲ್ಲಿಗೆ ಕಾಳು ಮೊಳೆಯಬೇಕು, ಅಳಿಲಿಗೆ ಬೀಜ ಮೊಳೆಯಲೇಬಾರದು. ಬಿಳಿ ಓಕ್ ಬೀಜ ಬಿದ್ದ ಶರತ್ಕಾಲದಲ್ಲೇ ಬೇರು ಬಿಡುತ್ತದೆ. ಬಿಟ್ಟರೆ ಕೂಡಿಟ್ಟ ಊಟ ಗಿಡದ ಪಾಲು, ಅಲ್ವಾ? ಅದಕ್ಕೇ ಅಳಿಲು ಬೀಜವನ್ನು ಕೈಯಲ್ಲಿ ತಿರುಗಿಸಿ, ಮೊಳಕೆ ಬರುವ ತುದಿಯನ್ನು ಹಲ್ಲಿನಿಂದ ಕೆತ್ತಿ ತೆಗೆದು ಆಮೇಲೆ ಹೂಳುವುದುಂಟು. ಕೆಂಪು ಓಕ್ ಬೀಜ ವಸಂತದವರೆಗೆ ಮಲಗಿರುತ್ತದೆ, ಅದಕ್ಕೆ ಈ ಆಪರೇಷನ್ ಬೇಕಿಲ್ಲ.

ಹಲ್ಲಿನ ಮಾತು ಬಂತು. ಅಳಿಲಿನ ಬಾಚಿಹಲ್ಲು ತುದಿಯಲ್ಲಿ ಸವೆಯುತ್ತಾ ಬುಡದಿಂದ ಬೆಳೆಯುತ್ತಲೇ ಇರುತ್ತದೆ. ಹುಲ್ಲಿನ ಗರಿಯೂ ಬೆಳೆಯುವುದು ಬುಡದಿಂದಲೇ, ತುದಿ ಮೇಯ್ದರೆ ಅದಕ್ಕೇನೂ ಆಗದು.

ಹೂತಿಟ್ಟ ಜಾಗ ಅಳಿಲಿಗೆ ಚೆನ್ನಾಗೇ ನೆನಪಿರುತ್ತದೆ. ಆದರೆ ಅಳಿಲೇ ಗಿಡುಗನ ಪಾಲಾದರೆ ಕೆಂಪು ಓಕ್ ಬೀಜ ವಸಂತಕ್ಕೆ ಮೊಳೆತು ನಿಲ್ಲುತ್ತದೆ. ಕಾಡು ಓಟ್ಸ್‌ಗೆ ಆ ಆತುರವೂ ಇಲ್ಲ. ಕೆಲವು ಕಾಳು ಈ ವರ್ಷ ಮೊಳೆತರೆ ಇನ್ನು ಕೆಲವು ಎರಡು ಮೂರು ವರ್ಷ ಮಣ್ಣಲ್ಲೇ ಮಲಗಿರುತ್ತವೆ. ಗೋಧಿ ಹೊಲದಲ್ಲಿ ಎಷ್ಟು ಕಿತ್ತರೂ ಈ ಕಳೆ ಮತ್ತೆ ಏಳುವುದು ಹೀಗೇ.