ಸಿಸೇರಿಯನ್ ಹೊಲಿಗೆಯ ತುದಿಯಲ್ಲೊಂದು ಗಂಟು

ಸಿಸೇರಿಯನ್ ಆಗಿ ಎರಡು-ಮೂರು ವರ್ಷ ಕಳೆದಿರುತ್ತದೆ. ಹೊಲಿಗೆ ಗುರುತಿನ ಒಂದು ತುದಿಯಲ್ಲಿ, ಚರ್ಮದಡಿ, ಅಡಿಕೆ ಗಾತ್ರದ ಗಟ್ಟಿ ಗಂಟು ಕೈಗೆ ಸಿಗುತ್ತದೆ. ಮುಟ್ಟು ಹತ್ತಿರವಾದಂತೆ ಊದಿಕೊಂಡು, ಒಳಉಡುಪಿನ ಎಲಾಸ್ಟಿಕ್ ತಾಗಿದರೂ ಜೀವ ಹಿಂಡುತ್ತದೆ. ಆ ತಿಂಗಳ ಮುಟ್ಟು ಮುಗಿದ ಮೇಲೆ ತಣ್ಣಗಾಗುತ್ತದೆ. ಇದು ಹೊಟ್ಟೆಗೋಡೆಯ ಎಂಡೊಮೆಟ್ರಿಯೋಸಿಸ್ ಇರಬಹುದು.

ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆಡೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಹೊಟ್ಟೆಗೋಡೆಗೆ ಅದು ಬರುವುದು ಹೆಚ್ಚಾಗಿ ಶಸ್ತ್ರಕ್ರಿಯೆಯ ದಾರಿಯಲ್ಲೇ: ಗರ್ಭಕೋಶ ತೆರೆದಾಗ ಒಳಪದರದ ಜೀವಕೋಶಗಳು ಗಾಯದ ಅಂಚಿಗೆ ಮೆತ್ತಿಕೊಂಡು ಅಲ್ಲೇ ಬೇರು ಬಿಡುತ್ತವೆ. ಅಂಡಾಶಯದ ಹಾರ್ಮೋನು ಅಲ್ಲಿಗೂ ತಲುಪುವುದರಿಂದ ತಿಂಗಳಿಗೊಮ್ಮೆ ರಕ್ತ ಒಸರುತ್ತದೆ. ಹೊರಹೋಗಲು ದಾರಿಯಿಲ್ಲ, ಸುತ್ತ ನಾರು ಕಟ್ಟಿ ಗಂಟಾಗುತ್ತದೆ. ಅಪರೂಪಕ್ಕೆ ಶಸ್ತ್ರಕ್ರಿಯೆಯೇ ಆಗದವರ ಹೊಕ್ಕುಳಲ್ಲೂ ಇದು ಕಾಣಿಸಿಕೊಳ್ಳುತ್ತದೆ. ಅದನ್ನು 1886ರಲ್ಲಿ ವರ್ಣಿಸಿದ ವೈದ್ಯ ವಿಲಾರ್ ಹೆಸರಿನಲ್ಲೇ ಇಂದಿಗೂ ಕರೆಯುತ್ತಾರೆ.

ಸಿಸೇರಿಯನ್ ಆದ ನೂರು ಮಂದಿಯಲ್ಲಿ ಒಬ್ಬರಿಗೂ ಬಾರದ ತೊಂದರೆಯಿದು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಅಪರೂಪ ಎಂದು ಕೈಬಿಡುವ ಹಾಗಿಲ್ಲ.

ಇದನ್ನು ಹರ್ನಿಯಾ ಎಂದೋ, ಒಳಗುಳಿದ ಹೊಲಿಗೆ ದಾರದ ಗಂಟು ಎಂದೋ ತಿಳಿಯುವುದೇ ಹೆಚ್ಚು. ಹರ್ನಿಯಾ ಸಾಮಾನ್ಯವಾಗಿ ಕೆಮ್ಮಿದರೆ ಉಬ್ಬುತ್ತದೆ, ಮಲಗಿದರೆ ಒಳಸರಿಯುತ್ತದೆ, ಇದು ಕದಲುವುದಿಲ್ಲ. ನೋವಿನ ದಿನ, ಮುಟ್ಟಿನ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ವೈದ್ಯರಿಗೆ ತೋರಿಸಿ. ಲೆಕ್ಕ ತಾಳೆಯಾಗಲಿಲ್ಲ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ, ಸದಾ ನೋಯುವವರೂ ಇದ್ದಾರೆ.

ಸ್ಕ್ಯಾನಿಂಗ್‌ನಲ್ಲಿ ಒಂದು ಎಡವಟ್ಟು ಆಗುತ್ತದೆ. ಗರ್ಭಕೋಶ, ಅಂಡಾಶಯ ನೋಡುವ ಮಾಮೂಲಿ ಪ್ರೋಬ್ (ಮೈಮೇಲೆ ಒತ್ತಿ ಹಿಡಿಯುವ ಸ್ಕ್ಯಾನಿಂಗ್ ಸಾಧನ) ಆಳದಲ್ಲಿರುವುದನ್ನು ತೋರಿಸುವಂಥದ್ದು. ಚರ್ಮದ ಕೆಳಗೇ ಇರುವ ಗಂಟು ತಪ್ಪಿಹೋಗಿ ‘ನಾರ್ಮಲ್’ ರಿಪೋರ್ಟ್ ಬರುತ್ತದೆ. ಥೈರಾಯ್ಡ್ ನೋಡಲು ಬಳಸುವಂಥ ಲೀನಿಯರ್ ಪ್ರೋಬ್ ಬೇಕು. ನೋಯುವ ಜಾಗಕ್ಕೆ ಬೆರಳಿಟ್ಟು ತೋರಿಸಿ, ಸಂಕೋಚ ಬೇಡ. ಎಷ್ಟು ಆಳಕ್ಕಿದೆ ಎಂದು ತಿಳಿಯಲು ಎಂಆರ್‌ಐ ನೆರವಾಗುತ್ತದೆ.

ಡೈನೋಜೆಸ್ಟ್‌ನಂಥ ಹಾರ್ಮೋನು ಮಾತ್ರೆ ನೋವು ತಗ್ಗಿಸಬಹುದು. ನಿಲ್ಲಿಸಿದರೆ ಸಾಮಾನ್ಯವಾಗಿ ಮರುಕಳಿಸುತ್ತದೆ. ಗಟ್ಟಿ ಪರಿಹಾರ ಗಂಟನ್ನು ಸುತ್ತಲಿನ ಸುಮಾರು 1 ಸೆಂ.ಮೀ. ಆರೋಗ್ಯಕರ ಅಂಗಾಂಶದ ಸಮೇತ ತೆಗೆಯುವುದು. ಅಂಚಿಗೇ ಕತ್ತರಿಸಿದರೆ ಉಳಿದ ಚೂರು ಮತ್ತೆ ಬೆಳೆಯಬಹುದು. ಸ್ನಾಯುವಿನ ಮೇಲಿನ ಪೊರೆಯನ್ನೂ ದೊಡ್ಡದಾಗಿ ತೆಗೆಯಬೇಕಾಗಿ ಬಂದರೆ ಆ ಜಾಗಕ್ಕೆ ಮೆಶ್ (ಆಸರೆಯ ಬಲೆ) ಹಾಕುತ್ತಾರೆ. ಅರಿವಳಿಕೆಗೆ ಮುನ್ನವೇ ಗಂಟಿನ ಸುತ್ತ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳುವುದು ಒಳ್ಳೆಯದು. ತೆಗೆದ ಗಂಟು ಬಯಾಪ್ಸಿಗೆ ಹೋಗಲೇಬೇಕು: ಇದರಲ್ಲಿ ಕ್ಯಾನ್ಸರ್ ತೀರಾ ವಿರಳ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.